ಬುತ್ತಿ: ಪಾಥೇಯವೂ ಪಥ್ಯವೂ

'ಬುತ್ತಿ' ಎಂಬುದು ಕನ್ನಡಿಗರ ನಾಲಗೆಯಲ್ಲಿ ಬಹುಕಾಲದಿಂದ ನೆಲೆಸಿರುವ ಮಾತು. ಸಂಸ್ಕೃತದ 'ಭುಕ್ತಿ' ಶಬ್ದವೇ ತದ್ಭವಗೊಂಡು ಬುತ್ತಿಯಾಯಿತೆಂಬುದು ವಿದ್ವಾಂಸರ ಅಭಿಪ್ರಾಯ. ಮಹಾಪ್ರಾಣವು ಅಲ್ಪಪ್ರಾಣವಾಗಿ, 'ಕ್ತ' ಎಂಬ ಒತ್ತಕ್ಷರವು 'ತ್ತ' ಎಂಬ ದ್ವಿತ್ವವಾಗಿ ಮಾರ್ಪಡುವುದು ತದ್ಭವಪ್ರಕ್ರಿಯೆಯಲ್ಲಿ ಸಹಜ. ಅನ್ನವೆಂಬ ಅರ್ಥದ 'ಭಕ್ತ' ಶಬ್ದವು ಪ್ರಾಕೃತದಲ್ಲಿ 'ಭತ್ತ'ವಾದುದನ್ನು ಇಲ್ಲಿ ಸ್ಮರಿಸಬಹುದು. ಭುಕ್ತಿಯೆಂದರೆ ಉಣ್ಣುವುದು, ಅನುಭವಿಸುವುದು ಎಂಬ ವಿಶಾಲವಾದ ಅರ್ಥ. ಬುತ್ತಿಯಾದಾಗ ಆ ಅರ್ಥವು ಕಿರಿದಾಗಿ, ಕಟ್ಟಿಕೊಂಡು ಹೋಗುವ ಊಟವೆಂಬಲ್ಲಿಗೆ ನಿಂತಿತು. ಮೈಸೂರು ಸೀಮೆಯಲ್ಲಿ ಬುತ್ತಿಯೆಂದರೆ ಮೊಸರನ್ನ ಕಣ್ಣಮುಂದೆ ಬರುತ್ತದೆ. ಬಯಲುಸೀಮೆಯಲ್ಲಿ ರೊಟ್ಟಿಯ ಗಂಟು. ಇದೇ ವಸ್ತುವಿಗೆ ಹಳಗನ್ನಡದಲ್ಲಿ 'ಕಟ್ಟೋಗರ'ವೆಂಬ ಅಚ್ಚಗನ್ನಡದ ಹೆಸರಿದ್ದಿತು. ಕಟ್ಟು ಮತ್ತು ಓಗರ ಸೇರಿ ಆದ ಸಮಾಸವಿದು. ಆ ಓಗರವು ಇಂದು ಪುಳಿಯೋಗರೆಯಲ್ಲಿ ಮಾತ್ರ ಉಸಿರು ಹಿಡಿದುಕೊಂಡಿದೆ ಎಂದರೆ ಹೆಚ್ಚಲ್ಲ.

ಸಂಸ್ಕೃತದಲ್ಲಿ ದಾರಿಯ ಊಟಕ್ಕೆ 'ಪಾಥೇಯ'ವೆಂದು ಹೆಸರು. 'ಪಥಿನ್' ಎಂದರೆ ದಾರಿ; ದಾರಿಗೆ ಒದಗುವಂಥದು ಪಾಥೇಯ. ಪಾಣಿನಿಯು ಈ ರೂಪವನ್ನು ಸಾಧಿಸುವ ಸೂತ್ರದಲ್ಲಿಯೇ 'ಅತಿಥಿ' ಶಬ್ದವನ್ನೂ ಸೇರಿಸಿ, ಅದೇ ಪ್ರತ್ಯಯದಿಂದ 'ಆತಿಥೇಯ'ವೆಂಬ ರೂಪವನ್ನೂ ಸಾಧಿಸಿದ್ದಾನೆ. ಮನೆಯಿಂದ ದಾರಿಗೆ ಹೊರಟವನ ಊಟವೂ ದಾರಿಯಿಂದ ಮನೆಗೆ ಬಂದವನ ಉಪಚಾರವೂ ಹೀಗೆ ಒಂದೇ ಸೂತ್ರದಲ್ಲಿ ಜೊತೆಗೂಡಿರುವುದು ಆಕಸ್ಮಿಕವೇ ಇದ್ದೀತು. ಆದರೂ ದಾಸೋಹದ ನೆರಳಿನಲ್ಲಿ ಬೆಳೆದವರಿಗೆ ಈ ನೆರೆಹೊರೆ ಹಿತವೆನಿಸದೆ ಇರದು. 'ಪಥ್ಯ'ವೆಂಬ ಶಬ್ದದ ಮೂಲವೂ ಪಥಿನ್ ಎಂಬುದೇ. ದಾರಿಯನ್ನು ಬಿಟ್ಟು ಸರಿಯದುದು ಪಥ್ಯ. ಆಡುಮಾತಿನಲ್ಲಿ ಅದು ರೋಗಿಯ ಗಂಜಿಯ ಮಟ್ಟಕ್ಕೆ ಇಳಿದಿರುವುದು ಶಬ್ದದ ದುರ್ದೈವ. ಪಾಥೇಯವು ಪಥ್ಯವೂ ಆಗಿರಬೇಕೆಂಬುದು, ಅಂದರೆ ದಾರಿಯ ಊಟವು ದೇಹಕ್ಕೆ ಹಿತವೂ ಆಗಿರಬೇಕೆಂಬುದು, ಇಲ್ಲಿಯ ಪ್ರಸ್ತುತ ವಿಚಾರ.

ದಾವಣಗೆರೆ ಜಿಲ್ಲೆಯು 1997ರಲ್ಲಿ ರೂಪುಗೊಂಡಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದರಲ್ಲಿ ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯು ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕಾಗಿದೆ. ಜಿಲ್ಲೆ ಒಂದೇ ಆದರೂ ಬುತ್ತಿ ಒಂದೇ ಅಲ್ಲ. ಭದ್ರಾ ನಾಲೆಯ ನೀರುಂಡ, ಶಾಂತಿಸಾಗರವೆಂಬ ಸೂಳೆಕೆರೆಯನ್ನು ಮಡಿಲಲ್ಲಿಟ್ಟುಕೊಂಡ ಚನ್ನಗಿರಿಯಲ್ಲಿ ಅಡಿಕೆಯ ತೋಟಗಳು, ಭತ್ತದ ಗದ್ದೆಗಳು. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ಅದರ ನೆರೆಯ ನ್ಯಾಮತಿಯಲ್ಲಿಯೂ ಭತ್ತ ಮತ್ತು ಮೆಕ್ಕೆಜೋಳ. ಮೇಲಿಂದ ಮೇಲೆ ಬರವನ್ನು ಕಂಡ ಜಗಳೂರಿನಲ್ಲಿ ಜೋಳ, ರಾಗಿ, ಶೇಂಗಾ. ಉತ್ತರದ ಜೋಳದ ರೊಟ್ಟಿಯೂ ದಕ್ಷಿಣದ ರಾಗಿಮುದ್ದೆಯೂ ಪರಸ್ಪರ ಮುಖ ನೋಡುವ ಸೀಮೆಯಿದು. ಮುದ್ದೆಯು ಬಿಸಿಯಾಗಿ ಉಣ್ಣತಕ್ಕ ಪದಾರ್ಥವಾದ್ದರಿಂದ ಬುತ್ತಿಗೆ ಒದಗದು. ಬುತ್ತಿಯ ಗೌರವವು ಆ ಕಾರಣದಿಂದ ರೊಟ್ಟಿಗೆ ಸಂದಿತು.

ರೊಟ್ಟಿಯ ಬುತ್ತಿಯನ್ನು ಬಡವರ ಊಟವೆಂದು ತಿಳಿದವರು ಅದರ ಒಳಗಿನ ವಿವೇಕವನ್ನು ಗಮನಿಸಿದವರಲ್ಲ. ಹೊತ್ತು ಮೂಡುವ ಮೊದಲು ಕಟ್ಟಿದ ಊಟವು ಬಿಸಿಲೇರಿದ ಹೊಲದಲ್ಲಿ ನಡುಹಗಲಿನ ತನಕ ಕೆಡದೆ ಇರಬೇಕು. ಅದಕ್ಕೆ ಉಪಾಯ ಒಂದೇ: ನೀರಿನಂಶ ಕಡಿಮೆಯಿರಬೇಕು, ಇಲ್ಲವೇ ಹುಳಿ ಇರಬೇಕು. ಜೋಳದ ರೊಟ್ಟಿ ಹೆಂಚಿನ ಮೇಲೆ ಬೆಂದು ಉಬ್ಬುವಾಗಲೇ ತನ್ನ ನೀರನ್ನು ಬಹುಪಾಲು ಬಿಟ್ಟಿರುತ್ತದೆ. ಮತ್ತಷ್ಟು ಒಣಗಿಸಿದ ಕಟಕಲು ರೊಟ್ಟಿ ವಾರಗಟ್ಟಲೆ ಬಾಳುತ್ತದೆ. ಜೊತೆಗೆ ಬರುವ ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿಗಳು ಹುರಿದು ಕುಟ್ಟಿದವು. ತೇವವಿಲ್ಲದ್ದರಿಂದ ಡಬ್ಬಿಯಲ್ಲಿ ತಿಂಗಳು ಕಳೆದರೂ ಕೆಡವು. ಪೌಷ್ಟಿಕತೆಯ ದೃಷ್ಟಿಯಿಂದಲೂ ಈ ಜೋಡಿ ಸಾಮಾನ್ಯವಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರು, ಅಲಸಂದೆ, ಕಡಲೆಗಳಲ್ಲಿ ಅದು ಹೇರಳ. ರೊಟ್ಟಿಯೊಡನೆ ಕಾಳಿನ ಪಲ್ಯವನ್ನೋ ಝುಣಕವನ್ನೋ ಇಟ್ಟ ಅಜ್ಜಿಯರು ಲೈಸಿನ್ನಿನ ಹೆಸರನ್ನು ಕೇಳಿದವರಲ್ಲ, ಕೊರತೆಯನ್ನು ಮಾತ್ರ ತುಂಬಿದ್ದರು. ರಾಗಿಯ ವಿಷಯದಲ್ಲಿಯಂತೂ ಹೇಳತಕ್ಕದ್ದಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಮುದ್ದೆ ಬುತ್ತಿಗೆ ಬಾರದಿದ್ದರೇನು, ಈರುಳ್ಳಿ, ನುಗ್ಗೆಸೊಪ್ಪು ಹೆಚ್ಚಿ ಹಾಕಿ ತಟ್ಟಿದ ರಾಗಿರೊಟ್ಟಿ ಸೊಗಸಾಗಿ ಬರುತ್ತದೆ.

ಅನ್ನದ ಬುತ್ತಿಯಲ್ಲಿಯೂ ಹಿರಿಯರ ಎಚ್ಚರಿಕೆ ಕಾಣುತ್ತದೆ. ಬರಿಯ ಅನ್ನವನ್ನಾಗಲಿ ಅನ್ನಸಾರನ್ನಾಗಲಿ ಕಟ್ಟುವ ವಾಡಿಕೆ ಇರಲಿಲ್ಲ; ಹುಣಿಸೆಹುಳಿಯ ಗೊಜ್ಜು ಕಲಸಿ, ನಿಂಬೆರಸ ಹಿಂಡಿ, ಅಥವಾ ಮೊಸರು ಬೆರೆಸಿ ಕಟ್ಟುವರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳಿರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನವು ಉಗುರುಬೆಚ್ಚಗೆ ಬಹಳ ಹೊತ್ತು ಮುಚ್ಚಿದಲ್ಲಿದ್ದರೆ ಅವು ಮೊಳೆತು ವಿಷವನ್ನುಂಟುಮಾಡುತ್ತವೆ; ಆ ವಿಷವು ಮತ್ತೆ ಬಿಸಿ ಮಾಡಿದರೂ ಹೋಗದು. ಹುಳಿಯು ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ಹಿಂದಿನ ರಾತ್ರಿ ಉಳಿದ ಅನ್ನವನ್ನು ಹೊರಗೆ ಇಟ್ಟಿದ್ದು, ಬೆಳಗ್ಗೆ ಒಗ್ಗರಣೆ ಹಾಕಿ ಮಕ್ಕಳ ಡಬ್ಬಿಗೆ ತುಂಬುವ ಅಭ್ಯಾಸವು ಈ ಕಾರಣದಿಂದ ಸರ್ವಥಾ ಸಲ್ಲದು. ಒಗ್ಗರಣೆಯ ವಾಸನೆ ಬಾಯನ್ನು ಮೋಸಗೊಳಿಸೀತೇ ಹೊರತು ಹೊಟ್ಟೆಯನ್ನಲ್ಲ.

ಇಂದು ಬುತ್ತಿಯ ಪ್ರಶ್ನೆ ಏಕೆ ಎದ್ದಿತೆಂದು ಕೇಳಬಹುದು. 2002ರಲ್ಲಿ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಮೊದಲಾದ ಅಕ್ಷರ ದಾಸೋಹ ಯೋಜನೆಯು ಮರುವರ್ಷ ಉಳಿದ ಜಿಲ್ಲೆಗಳಿಗೂ, 2007ರಲ್ಲಿ ಪ್ರೌಢಶಾಲೆಗಳಿಗೂ ವ್ಯಾಪಿಸಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ದೊರೆಯಿತು. ಆ ಯೋಜನೆಗೆ 'ದಾಸೋಹ'ವೆಂಬ ಶರಣರ ಶಬ್ದವೇ ಹೆಸರಾದುದು ಈ ನಾಡಿಗೆ ಭೂಷಣ. ಆದರೆ ಹತ್ತನೆಯ ತರಗತಿ ಮುಗಿದೊಡನೆ ಆ ಎಲೆ ಎದ್ದುಹೋಗುತ್ತದೆ. ಪದವಿಪೂರ್ವ ತರಗತಿಗೆ ಸೇರಿದ ಹಳ್ಳಿಯ ಹುಡುಗಿ ಏಳೂವರೆಯ ಬಸ್ಸಿಗೆ ತಾಲ್ಲೂಕು ಕೇಂದ್ರಕ್ಕೆ ಹೊರಟು, ಸಂಜೆ ಐದರ ಮೇಲೆ ಮನೆ ಸೇರುತ್ತಾಳೆ. ಅನುದಾನರಹಿತ ಶಾಲೆಯ ಮಗುವಿನ ಸ್ಥಿತಿಯೂ ಅದೇ. ಅಡಿಕೆ ಸುಲಿಯಲು ನಸುಕಿನಲ್ಲಿಯೇ ಹೋಗುವ ಚನ್ನಗಿರಿಯ ತಾಯಂದಿರದು, ಪಾಠ ಹೇಳಲು ದೂರದೂರಿಗೆ ಬಸ್ಸು ಹಿಡಿಯುವ ಉಪಾಧ್ಯಾಯರದು ಬೇರೆ ಕಥೆಯಲ್ಲ.

ಬುತ್ತಿ ಇದ್ದರೂ ಉಣ್ಣದಿರುವುದು ಇನ್ನೊಂದು ಸಂಕಟ. "ಅವ್ವಾ, ನಾಳಿಂದ ರೊಟ್ಟಿ ಕಟ್ಟಬ್ಯಾಡ" ಎಂಬ ಮಾತು ಈ ಸೀಮೆಯ ಅಡುಗೆಮನೆಗಳಲ್ಲಿ ಕೇಳಿಬರುತ್ತದೆ. ಪಕ್ಕದ ಬೆಂಚಿನವರು ನೂಡಲ್ಸೋ ಬೇಕರಿಯ ಪಫ್ಸೋ ತಂದಿರುವಾಗ ರೊಟ್ಟಿಯ ಡಬ್ಬಿಯನ್ನು ತೆರೆಯಲು ಮಗುವಿಗೆ ನಾಚಿಕೆ. ಡಬ್ಬಿಯು ಹೋದಂತೆಯೇ ಮರಳುತ್ತದೆ. ಹತ್ತು ರೂಪಾಯಿಯ ಕುರುಕಲು ಪೊಟ್ಟಣವು ಹಸಿವನ್ನು ಅಡಗಿಸುತ್ತದೆ, ನೀಗಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹದಿನೈದರಿಂದ ಹತ್ತೊಂಬತ್ತರ ಹರೆಯದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮೂರನೆಯ ಅವಧಿಯಲ್ಲಿ ತೂಕಡಿಸುವ ವಿದ್ಯಾರ್ಥಿನಿಯನ್ನು ಗದರುವ ಮುನ್ನ ಆಕೆಯ ಡಬ್ಬಿಯನ್ನು ನೋಡುವುದು ಒಳಿತು. ಸೊಪ್ಪುಕಾಳುಗಳಲ್ಲಿ ಕಬ್ಬಿಣದ ಅಂಶವಿದ್ದರೂ ಅದು ದೇಹಕ್ಕೆ ಹತ್ತಬೇಕಾದರೆ ಜೊತೆಯಲ್ಲಿ ಸಿ ಜೀವಸತ್ವ ಬೇಕು. ಒಂದು ಹೋಳು ನಿಂಬೆ, ಒಂದು ನೆಲ್ಲಿಕಾಯಿ, ಅರ್ಧ ಪೇರಲಹಣ್ಣು ಸಾಕು. ಊಟದ ಹಿಂದೆಯೇ ಚಹಾ ಕುಡಿದರೆ ಆ ಕಬ್ಬಿಣವು ಹೀರಲ್ಪಡುವುದಕ್ಕೆ ಅಡ್ಡಿಯಾಗುತ್ತದೆ. ಈ ಮಾತು ಉಪಾಧ್ಯಾಯರ ಕೊಠಡಿಗೂ ಅನ್ವಯ.

ಬೆಳಗಿನ ಹೊತ್ತು ಯಾರಿಗೂ ಪುರುಸೊತ್ತಿಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಬುತ್ತಿಯ ಕೆಲಸ ಬೆಳಿಗ್ಗೆ ಆಗತಕ್ಕದ್ದಲ್ಲ, ಹಿಂದಿನ ದಿನ ಆಗತಕ್ಕದ್ದು. ರಾತ್ರಿ ಮಲಗುವ ಮುನ್ನ ಒಂದು ಹಿಡಿ ಹೆಸರನ್ನೋ ಕಡಲೆಯನ್ನೋ ನೆನೆಯಿಟ್ಟರೆ ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ ಉಸಳಿ ಮಾಡಲು ಹೆಚ್ಚು ಹೊತ್ತು ಹಿಡಿಯದು. ಭಾನುವಾರ ಕುಟ್ಟಿಟ್ಟ ಶೇಂಗಾ ಪುಡಿ ವಾರವಿಡೀ ಒದಗುತ್ತದೆ. ಹುಣಿಸೆಯ ಗೊಜ್ಜನ್ನು ಎಣ್ಣೆಯಲ್ಲಿ ಕಾಯಿಸಿ ಭರಣಿಯಲ್ಲಿಟ್ಟರೆ ಬಿಸಿ ಅನ್ನವನ್ನು ಹರವಿ, ಆರಿಸಿ, ಕಲಸುವುದಷ್ಟೇ ಉಳಿದ ಕೆಲಸ. ಗಟ್ಟಿ ಅವಲಕ್ಕಿಗೆ ನೀರು ಚಿಮುಕಿಸಿ ಒಗ್ಗರಣೆ ಕೊಟ್ಟು, ಹುರಿದ ಶೇಂಗಾ, ನಿಂಬೆರಸ ಸೇರಿಸಲು ಕಾಲುಗಂಟೆ ಬೇಡ. ದಾವಣಗೆರೆಯ ಹೆಸರನ್ನು ದೂರದೂರಕ್ಕೆ ಒಯ್ದ ಮಂಡಕ್ಕಿಯನ್ನು ಬುತ್ತಿಯೆಂದು ಎಣಿಸುವುದು ಮಾತ್ರ ತಪ್ಪು. ಅದರಲ್ಲಿ ಗಾಳಿಯೇ ಹೆಚ್ಚು. ಪುಟಾಣಿ, ಶೇಂಗಾ, ಹಸಿ ಈರುಳ್ಳಿ ಬೆರೆತಾಗ ಸಂಜೆಯ ತಿನಿಸಾಗಿ ಅದಕ್ಕೆ ಬೆಲೆಯುಂಟು.

ರೊಟ್ಟಿ ಬಡಿಯುವುದೊಂದೇ ಬೆಳಗಿನ ಶ್ರಮ, ಮತ್ತು ಆ ಶ್ರಮವು ಸಂಪೂರ್ಣವಾಗಿ ಹೆಂಗಸರ ತಲೆಯ ಮೇಲಿದೆಯೆಂಬುದನ್ನು ಮುಚ್ಚಿಡಲಾಗದು. 'ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು' ಎಂಬ ಗಾದೆಯನ್ನು ಉಪಾಧ್ಯಾಯರು ಮಾತಿನ ಪಕ್ಷಕ್ಕೆ ಅನ್ವಯಿಸಿ ಎಷ್ಟೋ ಸಲ ವಿವರಿಸಿದ್ದಾರೆ. ಬುತ್ತಿಯ ಪಕ್ಷವನ್ನು ವಿವರಿಸಿದವರು ವಿರಳ. ಎಂಟನೆಯ ತರಗತಿಯ ಬಾಲಕನು ಕಾಳು ನೆನೆಯಿಡಲು, ಪುಡಿ ಕುಟ್ಟಲು, ಸೌತೆಕಾಯಿ ಹೆಚ್ಚಲು, ತನ್ನ ಡಬ್ಬಿಯನ್ನು ತಾನೇ ತುಂಬಲು ಶಕ್ತನು. ಕಾಯಕವೆಂಬ ಶಬ್ದಕ್ಕೆ ಪರೀಕ್ಷೆಯಲ್ಲಿ ಐದು ಅಂಕದ ಉತ್ತರವನ್ನು ಬರೆಯುವ ಮಗನು ತಾಯಿ ಕಟ್ಟಿಟ್ಟ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳಲೂ ಆಕೆಯನ್ನೇ ಕೂಗುವುದು ವಿದ್ಯೆಗೆ ಶೋಭೆಯಲ್ಲ.

ಶಾಲೆಯಲ್ಲಿ ಬುತ್ತಿ ಬಿಚ್ಚುವ ಗಳಿಗೆಯು ಇನ್ನೊಂದು ಪಾಠದ ಗಳಿಗೆ. ಡಬ್ಬಿಯ ಮುಚ್ಚಳ ತೆರೆದಾಗ ಮನೆಯ ಸಿರಿ ಬಡತನಗಳೆರಡೂ ತೆರೆದುಕೊಳ್ಳುತ್ತವೆ. ಮಕ್ಕಳು ಗುಂಪು ಗುಂಪಾಗಿ ಒಡೆಯುವುದು ಆಗಲೇ. ಮಠದ ಪ್ರಸಾದನಿಲಯದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಒಂದೇ ಪ್ರಸಾದ. ಅಲ್ಲಿ ಈ ತೊಡಕಿಲ್ಲ. ಬುತ್ತಿ ತರುವ ಮಕ್ಕಳಿಗೆ ಆ ಪಂಕ್ತಿಯನ್ನು ಉಪಾಧ್ಯಾಯರೇ ಏರ್ಪಡಿಸಬೇಕಾಗುತ್ತದೆ. ಅವರು ತಾವೂ ರೊಟ್ಟಿಯ ಗಂಟನ್ನು ಬಿಚ್ಚಿ ಮಕ್ಕಳ ಸಾಲಿನಲ್ಲಿ ಕುಳಿತರೆ ರೊಟ್ಟಿಯ ನಾಚಿಕೆ ಅರ್ಧ ಕಳೆಯಿತು. ಹೊಲದ ಬದುವಿನಲ್ಲಿ ಕುಳಿತು ಉಣ್ಣುವವರು ಒಬ್ಬರ ಪಲ್ಯವನ್ನು ಇನ್ನೊಬ್ಬರ ರೊಟ್ಟಿಗೆ ಹಚ್ಚಿಕೊಡುವುದು ಈ ಸೀಮೆಯಲ್ಲಿ ಹೊಸತಲ್ಲ. ಸೀಗೆ ಹುಣ್ಣಿಮೆಯಂದು ಭೂಮಿಗೆ ಚರಗ ಚೆಲ್ಲಿದ ಮೇಲೆ ಬುತ್ತಿಯ ಬುಟ್ಟಿಯ ಸುತ್ತ ನೆಂಟರೂ ಆಳುಗಳೂ ಒಟ್ಟಿಗೆ ಕೂರುವರು. ಹಂಚುವುದರೊಡನೆ ಅಳತೆಯೂ ಕಲಿಯತಕ್ಕದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದ ಪ್ರಸಂಗ ಎಲ್ಲರೂ ಬಲ್ಲುದೇ. ಮಗುವಿಗೆ ಎರಡು ರೊಟ್ಟಿಯ ಹಸಿವಿರುವಲ್ಲಿ ನಾಲ್ಕನ್ನು ತುಂಬಿ ಕಳುಹುವ ಅಕ್ಕರೆಗೂ ಆ ತಾಯಿಯ ಮಾತು ಸಲ್ಲುತ್ತದೆ.

ಪಾತ್ರೆಯ ವಿಷಯದಲ್ಲಿ ಎರಡು ಮಾತು. ಹಿಂದೆ ರೊಟ್ಟಿಯನ್ನು ಒಗೆದ ಬಿಳಿಯ ಬಟ್ಟೆಯಲ್ಲಿ ಸುತ್ತುವರು, ಅನ್ನವನ್ನು ಬಾಳೆಯ ಇಲ್ಲವೇ ಮುತ್ತುಗದ ಎಲೆಯಲ್ಲಿ ಕಟ್ಟುವರು. ಇಂದು ಸ್ಟೀಲಿನ ಡಬ್ಬಿಯೇ ಉತ್ತಮ. ಬಿಸಿಯೂ ಹುಳಿಯೂ ಆದ ಪದಾರ್ಥಕ್ಕೆ ಅಗ್ಗದ ಪ್ಲಾಸ್ಟಿಕ್ಕು ತಕ್ಕುದಲ್ಲ. ಬಿಸಿ ರೊಟ್ಟಿಯನ್ನು ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಬೆವರು ರೊಟ್ಟಿಯ ಮೇಲೆ ಇಳಿದು, ಅದು ಮಧ್ಯಾಹ್ನಕ್ಕೆ ತೊಯ್ದು ಅಂಟಾಗಿರುತ್ತದೆ. ಆರಿದ ಮೇಲೆ ತೆಳುವಾದ ಬಟ್ಟೆಯಲ್ಲಿ ಸುತ್ತಿ ಇಡುವುದು ಕ್ರಮ. ಪಲ್ಯ, ಮೊಸರುಗಳಿಗೆ ಬೇರೆ ಬಟ್ಟಲು ಇರಲಿ. ಉಂಡಾದ ಮೇಲೆ ಡಬ್ಬಿಯನ್ನು ಶಾಲೆಯ ನಲ್ಲಿಯಲ್ಲಿಯೇ ತೊಳೆದು, ಬಟ್ಟೆಯನ್ನು ಕೊಡವಿ, ಮಡಿಸಿ ಒಳಗಿಟ್ಟುಕೊಂಡು ಮನೆಗೆ ಒಯ್ಯುವುದು.