ಹಳೆಯ ಆಟಗಾರರೂ ಎಳೆಯ ಆಟಗಾರರೂ

ವಿದ್ಯೆಗೆ ಗುರು ಬೇಕೆಂಬುದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಸಂಗೀತಕ್ಕೆ ಬೇಕು, ಕುಸ್ತಿಗೆ ಬೇಕು, ಕಮ್ಮಾರಿಕೆಗೂ ಬೇಕು. ಆದರೆ ಹಾಕಿಯ ಮಾತು ಬಂದಾಗ ಮಾತ್ರ, ಅದು ಹುಡುಗರು ತಮ್ಮಷ್ಟಕ್ಕೆ ತಾವೇ ಕಲಿತುಕೊಳ್ಳುವ ಕಾಲಹರಣವೆಂದು ತಿಳಿಯುವವರು ಇಂದಿಗೂ ಇದ್ದಾರೆ. ಆಡಿ ನಿವೃತ್ತರಾದವರು ಹಾಕಿ ಅಕಾಡೆಮಿಗಳಲ್ಲಿ ಎಳೆಯರಿಗೆ ಏನನ್ನು ಕೊಡಬಲ್ಲರು, ಏನನ್ನು ಕೊಡಲಾರರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ನಾನು ಈ ಆಟದಲ್ಲಿ ಪಂಡಿತನಲ್ಲ. ಸಂಜೆಯ ಹೊತ್ತು ಕಾಲೇಜಿನ ಮೈದಾನದಲ್ಲಿ ಕೋಲು ಹಿಡಿಯುವ ಹಲವರಲ್ಲಿ ಒಬ್ಬ. ಲೋಪಗಳಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.

ಮೊದಲು ಸ್ವಲ್ಪ ಇತಿಹಾಸ. 1928ರಿಂದ 1956ರವರೆಗೆ ನಡೆದ ಆರು ಒಲಿಂಪಿಕ್ ಕೂಟಗಳಲ್ಲಿಯೂ ಹಾಕಿಯ ಸ್ವರ್ಣಪದಕ ಭಾರತದ ಪಾಲಾಯಿತು. ಅನಂತರ 1964 ಮತ್ತು 1980ರಲ್ಲಿ ಮತ್ತೆರಡು ಬಂದವು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಟ ನಡೆಯಿತು. ಆ ಹಾಸು ನಮ್ಮ ಊರುಗಳಿಗೆ ಬರುವಷ್ಟರಲ್ಲಿ ಬಹುಕಾಲ ಕಳೆದುಹೋಗಿತ್ತು. 1980ರ ಬಳಿಕ ಮುಂದಿನ ಪದಕಕ್ಕಾಗಿ ದೇಶವು 41 ವರ್ಷ ಕಾಯಬೇಕಾಯಿತು. 2021ರಲ್ಲಿ ಟೋಕಿಯೋದಲ್ಲಿಯೂ 2024ರಲ್ಲಿ ಪ್ಯಾರಿಸ್ಸಿನಲ್ಲಿಯೂ ಕಂಚು ದೊರೆಯಿತು. ಆಟಗಾರನು ಗುರುವಾಗುವ ಪದ್ಧತಿ ನಮಗೆ ಹೊಸದೇನಲ್ಲ. ಧ್ಯಾನ್‌ಚಂದರು ಸೈನ್ಯದಿಂದ ನಿವೃತ್ತರಾದ ಮೇಲೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹಾಕಿಯ ಮುಖ್ಯ ಶಿಕ್ಷಕರಾಗಿದ್ದರು.

ನಮ್ಮ ನಾಡಿನದೇ ನಿದರ್ಶನ ಬೇಕಾದರೆ ಬೆಂಗಳೂರಿನ ಜೂಡ್ ಫೆಲಿಕ್ಸ್ ಅವರಿದ್ದಾರೆ. 1988ರ ಸೋಲ್ ಮತ್ತು 1992ರ ಬಾರ್ಸಿಲೋನ ಒಲಿಂಪಿಕ್ಸ್‌ಗಳಲ್ಲಿ ಆಡಿದವರು. ಮುಂದೆ ಭಾರತ ತಂಡದ ನಾಯಕರಾದವರು. ಅವರು 2009ರಲ್ಲಿ ಬೆಂಗಳೂರಿನಲ್ಲಿ ತಮ್ಮ ಹೆಸರಿನ ಅಕಾಡೆಮಿಯನ್ನು ತೆರೆದು, ಅನುಕೂಲವಿಲ್ಲದ ಮನೆಗಳ ಮಕ್ಕಳ ಕೈಗೆ ಹಾಕಿಯ ಕೋಲನ್ನು ಕೊಟ್ಟರು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು.

ಇಂಥವರಿಂದ ಮಕ್ಕಳು ಕಲಿಯುವುದೇನು? ವಿಷಯವನ್ನು ಕೈ, ಕಣ್ಣು, ಮನಸ್ಸು, ಜೀವನ ಎಂದು ನಾಲ್ಕು ಭಾಗ ಮಾಡಿಕೊಳ್ಳೋಣ.

ಕೈಯ ಪಾಠ ಮೊದಲನೆಯದು. ಹಾಕಿ ಕೋಲಿನ ಉಬ್ಬಿದ ಹಿಂಬದಿಯಿಂದ ಚೆಂಡನ್ನು ಆಡಬಾರದೆಂಬುದು ನಿಯಮ. ಆದ್ದರಿಂದ ಚೆಂಡನ್ನು ಎಡಕ್ಕೂ ಬಲಕ್ಕೂ ಒಯ್ಯುವಾಗ ಕೋಲನ್ನು ಕ್ಷಣಕ್ಷಣಕ್ಕೂ ತಿರುಗಿಸುತ್ತಿರಬೇಕು. ಹೊಸಬನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿಯುತ್ತಾನೆ, ಕೋಲು ತಿರುಗುವುದಿಲ್ಲ. ಮೇಲಿನ ಎಡಗೈ ತಿರುಗಿಸಬೇಕು, ಕೆಳಗಿನ ಬಲಗೈ ಸಡಿಲವಾಗಿದ್ದು ಕೋಲು ತನ್ನೊಳಗೆ ಹೊರಳುವುದಕ್ಕೆ ಎಡೆಗೊಡಬೇಕು. ಇದನ್ನು ಪುಸ್ತಕದಲ್ಲಿ ಓದಿದರೆ ಒಂದು ವಾಕ್ಯ. ಹಿಡಿತವನ್ನು ನೋಡಿ ಆ ಬಲಗೈಯ ಬೆರಳುಗಳನ್ನು ಸಡಿಲಿಸುವವರೊಬ್ಬರು ಪಕ್ಕದಲ್ಲಿದ್ದರೆ ಮಾತ್ರ ಅದು ವಿದ್ಯೆ.

ಕಣ್ಣಿನ ಪಾಠ ಇನ್ನೂ ಸೂಕ್ಷ್ಮವಾದುದು. ಇಂದಿನ ಅಂತರರಾಷ್ಟ್ರೀಯ ಪಂದ್ಯದ ಅವಧಿ 60 ನಿಮಿಷ. ಮೈದಾನದಲ್ಲಿ ಇರುವವರು 22 ಜನ. ಚೆಂಡನ್ನು ಎಲ್ಲರಿಗೂ ಸಮನಾಗಿ ಹಂಚಿದರೂ ಒಬ್ಬನ ಪಾಲಿಗೆ ಮೂರು ನಿಮಿಷವೂ ಬಾರದು. ಉಳಿದ 57 ನಿಮಿಷ ಅವನು ಏನು ಮಾಡಬೇಕು? ಎಲ್ಲಿ ನಿಲ್ಲಬೇಕು, ಯಾರನ್ನು ಕಾಯಬೇಕು, ಚೆಂಡು ಬರುವ ಮುನ್ನವೇ ಯಾವ ಕಡೆ ತೆರಪಿದೆಯೆಂದು ಹೇಗೆ ನೋಡಿಕೊಳ್ಳಬೇಕು? ಚೆಂಡಿಲ್ಲದ ಈ ಆಟವನ್ನು ಪ್ರೇಕ್ಷಕರು ಕಾಣುವುದಿಲ್ಲ. ಆಡಿ ನುರಿತವರು ಕಾಣುತ್ತಾರೆ.

ಮೂರನೆಯದು ಮನಸ್ಸಿನ ಪಾಠ. ಇಲ್ಲಿ ಕೇರಳದ ಪಿ. ಆರ್. ಶ್ರೀಜೇಶರನ್ನು ನೆನೆಯಬೇಕು. ರೈತಾಪಿ ಮನೆಯ ಹುಡುಗ. ಗೋಲ್‌ಕೀಪರನ ಸಾಮಗ್ರಿಗಾಗಿ ತಂದೆ ಹಸುವನ್ನು ಮಾರಿದರೆಂದು ಅವರೇ ಹೇಳಿಕೊಂಡಿದ್ದಾರೆ. ನಾಲ್ಕು ಒಲಿಂಪಿಕ್ ಕೂಟಗಳಲ್ಲಿ ಆಡಿ, 2024ರಲ್ಲಿ ನಿವೃತ್ತರಾದೊಡನೆ ಕಿರಿಯರ ತಂಡದ ಶಿಕ್ಷಕರಾದರು. 2025ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ನಡೆದ ಕಿರಿಯರ ವಿಶ್ವಕಪ್ಪಿನ ಸೆಮಿಫೈನಲ್ಲಿನಲ್ಲಿ ಅವರ ಹುಡುಗರು ಜರ್ಮನಿಗೆ 5-1ರಿಂದ ಸೋತರು. ಕಂಚಿನ ಪಂದ್ಯದಲ್ಲಿ ಅರ್ಜೆಂಟೀನದ ಎದುರು ಮೊದಲು ಎರಡು ಗೋಲುಗಳಿಂದ ಹಿಂದೆ ಬಿದ್ದು, ಕೊನೆಯ ಕಾಲುಭಾಗದಲ್ಲಿ ನಾಲ್ಕು ಗೋಲು ಹೊಡೆದು ಗೆದ್ದರು. ಗೆಲುವು ಆಡಿದ ಹುಡುಗರದೇ ನಿಜ. ಆದರೆ ದೊಡ್ಡ ಸೋಲಿನ ಮರುದಿನ ಎದ್ದು ಅಭ್ಯಾಸಕ್ಕೆ ಹೋಗುವುದು ಹೇಗೆಂಬುದನ್ನು, ಸ್ವತಃ ಹಾಗೆ ಹೋಗಿ ಬಂದವರ ಬಾಯಿಂದ ಕೇಳಿದರೆ ನಂಬಿಕೆ ಬರುತ್ತದೆ.

ನಾಲ್ಕನೆಯದಾದ ಜೀವನದ ಪಾಠವೇ ನನ್ನ ದೃಷ್ಟಿಯಲ್ಲಿ ಮುಖ್ಯವಾದುದು. ಒಲಿಂಪಿಕ್ಸ್‌ಗೆ ಹೋಗುವ ತಂಡದಲ್ಲಿ ಇರುವವರು 16 ಜನ. ದೇಶದ ಅಕಾಡೆಮಿಗಳಲ್ಲಿ ಬೆವರು ಸುರಿಸುವ ಮಕ್ಕಳು ಅದೆಷ್ಟೋ ಪಟ್ಟು. ಉಳಿದವರ ಗತಿಯೇನು? ಪರೀಕ್ಷೆಯನ್ನು ಬಿಡಬಾರದು, ಮೊಣಕಾಲಿನ ನೋವನ್ನು ಮುಚ್ಚಿಡಬಾರದು, ರೈಲ್ವೆ, ಸೈನ್ಯ, ಪೊಲೀಸು, ಬ್ಯಾಂಕು ಮೊದಲಾದೆಡೆ ಕ್ರೀಡಾಪಟುಗಳಿಗೆ ಇರುವ ಅವಕಾಶಗಳಿಗೆ ಯಾವಾಗ ಅರ್ಜಿ ಹಾಕಬೇಕು, ಇವೆಲ್ಲವನ್ನು ಹೇಳುವವರು ಯಾರು? ತಂದೆತಾಯಿಗಳಿಗೆ ಮಗನ ಮೇಲೆ ಅಕ್ಕರೆ ಇರುತ್ತದೆ, ದಾರಿ ತಿಳಿದಿರುವುದಿಲ್ಲ. ನನ್ನ ಮನೆಯಲ್ಲಿ ಪದವಿ ಪರೀಕ್ಷೆಯ ಬಾಗಿಲಿಗೆ ಬಂದವರಲ್ಲಿ ನಾನೇ ಮೊದಲಿಗ. ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ಕೇಳಿದಾಗ ನನ್ನ ತಂದೆ, “ನಿನಗೆ ತಿಳಿದ ಹಾಗೆ ಮಾಡಪ್ಪ” ಎಂದರು. ಅದು ಉದಾಸೀನವಲ್ಲ, ಅವರು ಆ ದಾರಿಯಲ್ಲಿ ನಡೆದಿರಲಿಲ್ಲ, ಅಷ್ಟೆ. ಹೀಗಾಗಿ ಮುಂದೆ ಹೋಗಿ ಹಿಂತಿರುಗಿ ನೋಡುವ ಒಬ್ಬರ ಬೆಲೆಯೇನೆಂಬುದನ್ನು ನಾನು ಬಲ್ಲೆ. ಅಕಾಡೆಮಿಯ ಮಗುವಿಗೆ ಹಳೆಯ ಆಟಗಾರರು ಆ ಒಬ್ಬರು.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳದಿದ್ದರೆ ವಿಚಾರ ಪೂರ್ಣವಾಗದು. ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ಗುರುಗಳಾಗುವುದಿಲ್ಲ. ತನಗೆ ಸಹಜವಾಗಿ ಬಂದದ್ದು ಇನ್ನೊಬ್ಬನಿಗೆ ಏಕೆ ಬಾರದೆಂದು ಸಿಡುಕುವವರುಂಟು. ಹುಲ್ಲಿನ ಮೇಲೆ ಕಲಿತ ಆಟವನ್ನೇ ಹಾಸಿನ ಮೇಲೂ ಕಲಿಸಹೊರಡುವ ಅಪಾಯವೂ ಉಂಟು. ಹಾಸಿನ ಮೇಲೆ ಚೆಂಡಿನ ವೇಗ ಬೇರೆ, ಓಟ ಬೇರೆ. ಹರಿಯಾಣದ ಶಾಹಾಬಾದಿನಲ್ಲಿ ರಾಣಿ ರಾಂಪಾಲ್ ಅವರನ್ನು ತಯಾರು ಮಾಡಿದ ಬಲದೇವ್ ಸಿಂಗರು ಹೆಸರಾದುದು ಆಟಗಾರರೆಂದಲ್ಲ, ಶಿಕ್ಷಕರೆಂದು. ಗಾಡಿ ಎಳೆಯುವವರ ಮಗಳಾದ ರಾಣಿ, ಟೋಕಿಯೋದಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತದ ಮಹಿಳಾ ತಂಡವನ್ನು ಮುನ್ನಡೆಸಿದರು. ಆದಕಾರಣ ಅನುಭವದ ಜೊತೆಗೆ ಕಲಿಸುವ ಶಿಕ್ಷಣವೂ ತಾಳ್ಮೆಯೂ ಬೇಕು. ಹಳೆಯ ಪದಕವೊಂದೇ ಸಾಲದು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮ ವಿಷಯದಲ್ಲಿ ನಿಜವಾಗಬಾರದು. ಕೊಡಗು ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯರಂಥವರನ್ನು ಕೊಟ್ಟ ನಾಡು. ಅಷ್ಟು ದೊಡ್ಡ ಹೆಸರಿನವರೇ ಆಗಬೇಕೆಂದಿಲ್ಲ. ವಿಶ್ವವಿದ್ಯಾನಿಲಯಕ್ಕೋ ರಾಜ್ಯಕ್ಕೋ ಆಡಿ, ಈಗ ಕಚೇರಿಗಳಲ್ಲಿ ಕೆಲಸ ಮಾಡುತ್ತಿರುವವರು ನಮ್ಮ ಜಿಲ್ಲೆಯಲ್ಲಿಯೂ ಇರಬಹುದು. ತಿಂಗಳಿಗೆ ಎರಡು ಭಾನುವಾರ ಅಂಥವರನ್ನು ನಮ್ಮ ಮೈದಾನಕ್ಕೆ ಕರೆಸಿದರೆ ಕಾಲೇಜಿಗೆ ಹೆಚ್ಚಿನ ಖರ್ಚಿಲ್ಲ. ಈ ಸೂಚನೆಯನ್ನು ಗುರುವರ್ಯರ ಮತ್ತು ಕ್ರೀಡಾಸಂಘದ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ. ನಾನು ಈ ವರ್ಷ ಕಾಲೇಜನ್ನು ಬಿಡುವವನು. ಇದರ ಪ್ರಯೋಜನ ಮುಂದೆ ಬರುವ ತಮ್ಮಂದಿರಿಗೂ ತಂಗಿಯರಿಗೂ ಆಗಲಿ.