ಹಳೆ ಮನೆ ಕೆಡವುವ ಮುನ್ನ: ನಿಮಗಾಗಿ 6 ಸೂತ್ರಗಳು

ಬೀದರ್ ಜಿಲ್ಲೆಯ ಸಾಯಗಾಂವದ ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟಿಸೋಣ ಅಂತ ಅಣ್ಣತಮ್ಮಂದಿರು ತೀರ್ಮಾನಿಸಿದ್ದಾರಾ? ನೀವು ಹೈದರಾಬಾದಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿದ್ದೀರಾ? ಕೊರಗುತ್ತ ಕೂರಬೇಡಿ. ಆ ಮನೆಯ ನೆನಪು ಉಳಿಸಿಕೊಳ್ಳುವುದೂ ಒಂದು ಪ್ರಾಜೆಕ್ಟ್. ಇವತ್ತೇ ಶುರು ಮಾಡಿ.

1. ಜೆಸಿಬಿಗಿಂತ ಮೊದಲು ಊರು ಮುಟ್ಟಿ.
ಕೆಡವುವ ಗುತ್ತಿಗೆ ಮಾತಾಡುವಾಗಲೇ ಯಾವ್ಯಾವ ಸಾಮಾನು ನಿಮಗೆ ಬೇಕು ಅಂತ ಬರೆದುಕೊಡಿ. ಸಾಗವಾನಿ ಬಾಗಿಲು, ತೊಲೆಗಳನ್ನು ಗುತ್ತಿಗೆದಾರ ತನ್ನ ಲೆಕ್ಕಕ್ಕೆ ಹಿಡಿದೇ ರೇಟು ಹೇಳಿರಬಹುದು. ಆಮೇಲೆ ಕೇಳಿದರೆ ನಿಮ್ಮ ಹೊಸ್ತಿಲನ್ನು ನೀವೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು.

2. ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ನಂಬರ್ ಹಾಕಿ.
ಎಲ್ಲಿದ್ದದ್ದು ಅಂತ ಗೊತ್ತಿಲ್ಲದ ಮರ ಬರೀ ಸೌದೆ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ನೌಕರರಾಗಿದ್ದವರು. ನೆಲಸಮವಾಗಲಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. ಮುಧೋಳ ಅರಮನೆಯ ದರ್ಬಾರ್ ಹಾಲ್ ಕೂಡ ಈಗ ಅಲ್ಲಿದೆ. ಅವರು ಇಡೀ ಮನೆಗಳನ್ನೇ ಸಾಗಿಸಿದರು. ನಿಮ್ಮಿಂದ ಒಂದು ಬಾಗಿಲು ಸಾಗಿಸಲು ಆಗುವುದಿಲ್ಲವೇ?

3. ಮೂರೇ ಮೂರು ವಸ್ತು ಆರಿಸಿ.
ಎಲ್ಲವೂ ಬೇಕು ಅನಿಸುತ್ತದೆ. ಟೂ ಬಿಎಚ್‌ಕೆ ಫ್ಲ್ಯಾಟ್‌ನಲ್ಲಿ ಜಾಗವಿಲ್ಲ. ಬೆಲೆ ನೋಡಬೇಡಿ, ಸವೆತ ನೋಡಿ. ಕೈಯಾಡಿ ನುಣುಪಾದ ಚಿಲಕ, ನಟ್ಟನಡುವೆ ತಗ್ಗು ಬಿದ್ದ ಹೊಸ್ತಿಲು, ಅವ್ವ ದೀಪ ಇಡುತ್ತಿದ್ದ ಗೂಡಿನ ಮಸಿ ಹಿಡಿದ ಹಲಗೆ. ಕೆತ್ತನೆ ಕಂಬ ಮಾರುಕಟ್ಟೆಯಲ್ಲಿ ಸಿಗುತ್ತದೆ, ಈ ಮಸಿ ಸಿಗುವುದಿಲ್ಲ.

4. ತಂದದ್ದಕ್ಕೆಲ್ಲ ಒಂದು ಕೆಲಸ ಕೊಡಿ.
ಬಾಗಿಲ ಹಲಗೆ ಸ್ಟಡಿ ಟೇಬಲ್ ಆಗಲಿ. ಜಂತಿ ತುಂಡು ಪುಸ್ತಕದ ಶೆಲ್ಫ್ ಆಗಲಿ. ಪಡಸಾಲೆಯ ಶಹಾಬಾದ್ ಕಲ್ಲು ಬಾಲ್ಕನಿಯಲ್ಲಿ ಕೂರುವ ಕಟ್ಟೆಯಾಗಲಿ. ಕೆಲಸವಿಲ್ಲದ ನೆನಪು ಮಂಚದ ಕೆಳಗೆ ಸೇರುತ್ತದೆ, ಮುಂದಿನ ಶಿಫ್ಟಿಂಗ್‌ನಲ್ಲಿ ಗುಜರಿಗೆ ಹೋಗುತ್ತದೆ.

5. ಸುರಕ್ಷತೆಯಲ್ಲಿ ರಾಜಿ ಬೇಡ.
ಗೆದ್ದಲು ಹಿಡಿದ ಮರವನ್ನು ಔಷಧಿ ಹೊಡೆಸದೆ ಮನೆಯೊಳಗೆ ತರಬೇಡಿ. ಹಳೆ ಪೇಂಟ್ ಒಣಗಿದ್ದಾಗ ಉಜ್ಜಬೇಡಿ, ಧೂಳಿನಲ್ಲಿ ಸೀಸ ಇರಬಹುದು. ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಮರಕ್ಕೆ ಹೊಳಪು ಕೊಡಲು ಅಗಸೆ ಎಣ್ಣೆ ಸಾಕು, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ತಾನಾಗಿಯೇ ಬೆಂಕಿ ಹತ್ತಬಹುದು. ಬಿಡಿಸಿ ಹರಡಿ ಒಣಗಿಸಿ.
ಇನ್ನು, ಹಳೆ ಕಲ್ಲುಗಳಿಂದಲೇ ಮಣ್ಣು ಮೆತ್ತಿ ಗೋಡೆ ಎಬ್ಬಿಸುವ ಹುಮ್ಮಸ್ಸು ಬೇಡ. 1993ರ ಸೆಪ್ಟೆಂಬರ್ 30ರಂದು ಪಕ್ಕದ ಲಾತೂರಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರ ಜೀವ ತೆಗೆದದ್ದು ಅಂಥ ಗೋಡೆಗಳು, ಅಂಥ ಭಾರದ ಮಣ್ಣಿನ ಮಾಳಿಗೆಗಳು. ನೆನಪಿಗೆ ಕಲ್ಲು ಇಟ್ಟುಕೊಳ್ಳಿ, ಭಾರ ಹೊರುವ ಕೆಲಸ ಕಂಬಿ, ಸಿಮೆಂಟಿಗೆ ಬಿಡಿ.

6. ಪಾಲು ಕೇಳುವ ಮೊದಲೇ ಹಂಚಿ.
ಜೋಡಿ ಬಾಗಿಲಿಗೆ ಎರಡು ಹಲಗೆ. ಒಂದು ನಿಮಗಿರಲಿ. ಉದಗೀರಕ್ಕೆ ಕೊಟ್ಟ ಅಕ್ಕನೂ ಅದೇ ಪಡಸಾಲೆಯಲ್ಲಿ ಆಡಿ ಬೆಳೆದವಳು, ಆದರೆ ಮನೆ ಕೆಡವುವ ಮಾತಿನಲ್ಲಿ ಅವಳನ್ನು ಯಾರೂ ಕೇಳಿರುವುದಿಲ್ಲ. ಗುತ್ತಿಗೆದಾರನಿಗಿಂತ ಮೊದಲು ಅವಳಿಗೆ ಫೋನ್ ಮಾಡಿ, ಏನು ಬೇಕು ಅಂತ ಕೇಳಿ.