ಸಾಲ ಮಾಡಿ ಕೊಂಡ ಲೆನ್ಸ್ ಕೆಟ್ಟಿದೆಯೇ?

ಪ್ರಶ್ನೆ: ನಾನು ಚಳ್ಳಕೆರೆಯವನು. ಸಾಲ ಮಾಡಿ 150–600 ಎಂಎಂ ಲೆನ್ಸ್ ಕೊಂಡೆ. ಇಲ್ಲಿನ ಕಾವಲಿನ ಹುಲ್ಲುಗಾವಲಿನಲ್ಲಿ ತೆಗೆದ ಚಿತ್ರಗಳಲ್ಲಿ ಹಕ್ಕಿಯ ಅಂಚು ಎರಡೆರಡಾಗಿ ಬರುತ್ತದೆ, ಹಿಂದಿನ ಹುಲ್ಲೂ ಹಾಗೆಯೇ. ಶಟರ್ 1/2000ಕ್ಕೆ ಇಟ್ಟರೂ ಸರಿಹೋಗಲಿಲ್ಲ. ಮೊಳಕಾಲ್ಮೂರಿನ ಗುಡ್ಡಗಳಲ್ಲೂ ಅದೇ ಪಾಡು. ಸಿಕ್ಕ ಬೆಲೆಗೆ ಮಾರಿಬಿಡಲೇ? ಮನೆಯವರಿಗೆ ಮುಖ ತೋರಿಸಲಾಗುತ್ತಿಲ್ಲ.

ಉತ್ತರ: ಈಗಲೇ ಮಾರಬೇಡಿ. ನೀವು ಕಳಿಸಿದ ಚಿತ್ರಗಳೆಲ್ಲ ಬೆಳಗಿನ ಹತ್ತರ ನಂತರದವು. ನನ್ನ ಅನುಮಾನ ಲೆನ್ಸಿಗಿಂತ ಮೊದಲು ನಿಮ್ಮ ಸೀಮೆಯ ಬಿಸಿಲಿನ ಮೇಲೆ.

ಬಳ್ಳಾರಿ ರಸ್ತೆಯಲ್ಲಿ ಬಿಸಿಲುಗುದುರೆ ನೋಡಿರುತ್ತೀರಿ. ಇದೂ ಅದರ ಬಳಗವೇ. ಮರವಿಲ್ಲದ ಬಯಲು ಕಾದಂತೆ ನೆಲದ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ತಂಪುಗಾಳಿ ಕೆಳಗಿಳಿಯುತ್ತದೆ; ಇವೆರಡನ್ನು ಹಾದು ಬರುವ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಬರಿಗಣ್ಣಿಗೆ ತಿಳಿಯದ ಆ ನಡುಕವನ್ನು 600 ಎಂಎಂ ಹಿಗ್ಗಿಸಿ ತೋರಿಸುತ್ತದೆ. ಶಟರ್ ವೇಗ ಕೈನಡುಕವನ್ನು ತಡೆದೀತು, ಗಾಳಿಯ ಡೊಂಕನ್ನಲ್ಲ. ನೆಲಗುಬ್ಬಿಗಾಗಿ ಬೋರಲು ಮಲಗಿ ತೆಗೆಯುತ್ತೀರಾದರೆ ತೊಂದರೆ ಇನ್ನೂ ಹೆಚ್ಚು: ನೋಟವೆಲ್ಲ ಆ ಕಾದ ಪದರದೊಳಗೇ ಸಾಗುತ್ತದೆ. ಮಲಗಿ ತೆಗೆಯುವುದನ್ನು ಸೂರ್ಯ ಹುಟ್ಟಿದ ಮೊದಲ ಒಂದೆರಡು ಗಂಟೆಗೆ ಇಟ್ಟುಕೊಳ್ಳಿ. ಮೊಳಕಾಲ್ಮೂರಿನ ಬಂಡೆಗಳು ಹೊತ್ತಿಳಿದರೂ ಬೇಗ ಆರುವುದಿಲ್ಲ. ಅಲ್ಲಿ ಸಂಜೆಯನ್ನೂ ನಂಬಬೇಡಿ.

ಇದು ಖಚಿತವಾಗಬೇಕಾದರೆ ನಸುಕಿನಲ್ಲಿ ಗೋಡೆಗೆ ದಿನಪತ್ರಿಕೆ ಅಂಟಿಸಿ, ಇಪ್ಪತ್ತು ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು ತೆಗೆಯಿರಿ. ಮಧ್ಯಾಹ್ನ ಬಿಸಿಲಲ್ಲಿ ಮತ್ತೊಮ್ಮೆ. ಬೆಳಗಿನ ಅಕ್ಷರಗಳು ಸ್ವಚ್ಛವಾಗಿದ್ದರೆ ಲೆನ್ಸ್ ಚೆನ್ನಾಗಿದೆ. ನಸುಕಿನಲ್ಲೂ ಅಂಚು ಎರಡಾದರೆ ಯುವಿ ಫಿಲ್ಟರ್ ಬಿಚ್ಚಿ ನೋಡಿ. ಅಗ್ಗದ ಗಾಜು ಸಮವಾಗಿಲ್ಲದಿದ್ದರೆ ಉದ್ದ ಲೆನ್ಸಿನಲ್ಲಿ ಹೀಗೇ ಆಗುತ್ತದೆ. ಸ್ಟೆಬಿಲೈಸರನ್ನೂ ಆಫ್ ಮಾಡಿ ನೋಡಿ. ಏನೂ ಬದಲಾಗದಿದ್ದರೆ ಮಾತ್ರ ಬಿಲ್ಲು, ವಾರಂಟಿ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಿ.

ಹಿಂದಿನ ಹುಲ್ಲಿನ ಚಿಂತೆ ಬಿಡಿ. ಫೋಕಸ್ ತಪ್ಪಿದ ಕಡ್ಡಿಗಳನ್ನು ಜೋಡಿಗೆರೆಯಾಗಿ ತೋರಿಸುವುದು ಹಲವು ಜೂಮ್‌ಗಳ ಸ್ವಭಾವ.

ಇನ್ನೊಂದು ಎಚ್ಚರಿಕೆ: ನಿಮ್ಮ ಸೀಮೆಯ ಅಮೃತಮಹಲ್ ಕಾವಲಿನ ದೊಡ್ಡ ಭಾಗ ಈಗ ಇಸ್ರೋ, ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿಗಳ ಪಾಲಾಗಿದೆ. ಅಲ್ಲಿ ತಂತಿಬೇಲಿಯ ಸಂದಿನಿಂದ ತೆಗೆದರೂ ಚಿತ್ರ ಕೆಡುತ್ತದೆ. ರಕ್ಷಣಾ ಆವರಣದತ್ತ ಲೆನ್ಸ್ ತಿರುಗಿಸುವುದಂತೂ ಬೇಡವೇ ಬೇಡ.

ದೂರ ಕಡಿಮೆಯಾದಷ್ಟೂ ಚಿತ್ರ ತಿಳಿಯಾಗುತ್ತದೆ, ನಿಜ. ಆದರೆ ಉಳಿದ ಕಾವಲಿನಲ್ಲಿ ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳಿವೆ. ತಾಯಿ ಎದ್ದುಹೋದರೆ ಆ ಬಿಸಿಲಿಗೆ ಮೊಟ್ಟೆ ಉಳಿಯುವುದು ಕಷ್ಟ. ದಯವಿಟ್ಟು ಬೆನ್ನಟ್ಟಬೇಡಿ, ಕೂತಲ್ಲೇ ಕಾಯಿರಿ.